ಮರದ ಬೊಂಬೆಯಾದ ಒಡೆಲಿಯಾ

ಒಡೆಲಿಯಾ ಸ್ಟಿಗರ್ಸ್ ಹಾಡಲು ನಿಂತಾಗ ಕೂತವರು ಕೂತೇ ಇದ್ದ ನಿದರ್ಶನ ಮೆಂಫಿಸ್ ಪಟ್ಟಣದ ಚರಿತ್ರೆಯಲ್ಲೇ ಇಲ್ಲ. ಬೇಕಾದರೆ ಮುದ್ರೆ ಒತ್ತಿ ಕೊಡುತ್ತೇನೆ. ನಮ್ಮ ಬೀದಿಯ ಕ್ಷೌರದಂಗಡಿಯ ರೇಡಿಯೋದಲ್ಲಿ ಅವಳ ಹಾಡು ಬಂದಾಗ, ಅರ್ಧ ಗಡ್ಡ ಹೆರೆಸಿಕೊಂಡಿದ್ದ ಗಿರಾಕಿಯೊಬ್ಬ ಕುಣಿಯುತ್ತಲೇ ಎದ್ದು ಹೊರಟವನು ಸೇತುವೆ ದಾಟಿ ಪಕ್ಕದ ಅರ್ಕನ್ಸಾ ರಾಜ್ಯ ಸೇರಿದ. ಉಳಿದರ್ಧ ಗಡ್ಡವನ್ನು ಅಲ್ಲೇ ತೆಗೆಸಿ, ಅಲ್ಲೇ ಮದುವೆಯೂ ಆದ.

ಅವಳ ಹೆಸರಾದ ರೆಕಾರ್ಡು ಒಂದೇ: 'ತಡವಾಯ್ತಲ್ಲೋ ರಾಜಾ'. ಅದನ್ನು ಹಾಡಿದ ದಿನ ಅವಳಿಗೆ ನೆಗಡಿ. ಎರಡನೇ ಚರಣಕ್ಕೆ ಮುಂಚೆ ಒಂದು ಸಣ್ಣ ಕೆಮ್ಮು ಬಂತು, ರೆಕಾರ್ಡಿನಲ್ಲಿ ಹಾಗೇ ಉಳಿಯಿತು. ಅಲ್ಲಿಂದ ಮುಂದೆ ಮೆಂಫಿಸಿನಿಂದ ನ್ಯೂ ಆರ್ಲಿಯನ್ಸ್‌ವರೆಗೆ ವೇದಿಕೆ ಹತ್ತಿದ ಹುಡುಗಿಯರೆಲ್ಲ ಅದೇ ಜಾಗದಲ್ಲಿ ಕೆಮ್ಮತೊಡಗಿದರು. ಕೆಮ್ಮದೆ ಹಾಡಿದ ಒಬ್ಬಳನ್ನು ಜನ ಕೂಗಿ ಕೆಳಗಿಳಿಸಿದರು: "ಮೊದಲು ಸರಿಯಾಗಿ ಕಲ್ತುಕೊಂಡು ಬಾರಮ್ಮಾ!"

ಆ ಕಾಲ ಮುಗಿದ ಮೇಲೆ ಒಡೆಲಿಯಾ ತನ್ನ ಅಡುಗೆಮನೆಯಲ್ಲೇ ಕಾದ ಬಾಚಣಿಗೆ ಹಿಡಿದು ಹೆಂಗಸರ ಕೂದಲು ನೇರ ಮಾಡುತ್ತಾ ಬದುಕಿದಳು. ಒಂದು ದಿನ ನನ್ನ ಹೆಂಡತಿಯ ತಲೆ ಬಾಚುತ್ತಾ, ಪಕ್ಕದಲ್ಲಿ ಕೂತಿದ್ದ ನನಗೆ ಹೇಳಿದಳು:

"ನಮ್ಮಮ್ಮ ಚರ್ಚಿನ ಗಾಯನವೃಂದದಲ್ಲಿ ನಿಲ್ತಿದ್ದಳಲ್ಲ, ಆ ಜಾಗದಲ್ಲಿ ನಿಂತು ಹಾಡ್ಬೇಕು ಕಣೋ ಹೋರೇಸ್. ಇನ್ನೇನೂ ಬೇಡ ನಂಗೆ."

"ಅದಕ್ಕೇನೇ ಕಷ್ಟ?"

"ಮದರ್ ಬರ್ವೆಲ್."

ಮದರ್ ಬರ್ವೆಲ್ ನಮ್ಮ ಚರ್ಚಿನ ಹಿರಿತಾಯಂದಿರ ಮುಖ್ಯಸ್ಥೆ. ಸದಾ ಮುಂದಿನ ಸಾಲಿನಲ್ಲಿ ಕೂರುವ ಆಕೆಯ ಬಿಳಿ ಟೋಪಿ ಎಷ್ಟು ದೊಡ್ಡದೆಂದರೆ ಹಿಂದಿನ ಮೂರು ಸಾಲಿನವರು ಪಾದ್ರಿಯ ದನಿ ಕೇಳಿದ್ದಾರೆಯೇ ಹೊರತು ಮುಖ ಕಂಡಿಲ್ಲ. ಹರೆಯದ ಒಡೆಲಿಯಾ ಡಾನ್ಸ್ ಹಾಲ್‌ಗಳಲ್ಲಿ ಹಾಡಲು ಹೋದಾಗ ಗಾಯನವೃಂದದ ಬಾಗಿಲು ಹಾಕಿಸಿದವರು ಇವರೇ. ಈಗ ಪಾದ್ರಿ ಬಹಳ ಗೋಗರೆದ ಮೇಲೆ ಇವರು ತೀರ್ಪು ಕೊಟ್ಟರು:

"ಒಂದು ಭಾನುವಾರ ಹಾಡ್ಲಿ. ಸೊಂಟ ಅಲ್ಲಾಡಬಾರದು, ಕಿರುಚಬಾರದು. ಜನ ಎದ್ದು ನಿಂತು ಒಪ್ಪಿದ್ರೆ ಸೇರಿಸ್ಕೊಳ್ಳೋಣ. ಇಲ್ಲಾಂದ್ರೆ ಈ ಮಾತು ಮತ್ತೆ ಎತ್ತೋ ಹಾಗಿಲ್ಲ."

ಆ ಭಾನುವಾರ ನಾನು ಬಿಳಿ ಕೈಗವಸು ತೊಟ್ಟು ಬಾಗಿಲ ಬಳಿ ಜನರನ್ನು ಕೂರಿಸುವ ಸೇವೆಯಲ್ಲಿದ್ದೆ. ಒಡೆಲಿಯಾ ಮರದ ಬೊಂಬೆಯಂತೆ ನಿಂತಳು. ಕೈಗಳು ಮೈಗೆ ಅಂಟಿದ್ದವು. ಮಂಕರಿಯಡಿ ಸಿಕ್ಕಿದ ಕೋಳಿಯಂತೆ ದನಿ ಒಳಗೊಳಗೇ ಸುತ್ತುತ್ತಿತ್ತು. ಹಾಡು ದೇವರ ಕರುಣೆಯದು. ಕರುಣೆ ಹುಟ್ಟಿದ್ದು ನಮಗೆ, ಹಾಡುವವಳ ಮೇಲೆ.

"ನಿಧಾನವಾಗಿ ಹಾಡು ಕಂದಾ!" ಎಂದಳು ಒಬ್ಬ ಮುದುಕಿ.

ನಮ್ಮಲ್ಲಿ ಚೆನ್ನಾಗಿ ಹಾಡುವವರಿಗೆ "ಹಾಡೇ! ಬಿಡಬೇಡ!" ಎಂದು ಕೂಗುತ್ತಾರೆ. "ನಿಧಾನ ಕಂದಾ" ಎಂದರೆ ಶವಪೆಟ್ಟಿಗೆಗೆ ಮೊದಲ ಮೊಳೆ.

"ದೇವರೇ, ಅವಳ ಕೈ ಹಿಡಿಯಪ್ಪಾ!" ಎಂದಿತು ಇನ್ನೊಂದು ದನಿ. ಅದು ಕೊನೆಯ ಮೊಳೆ.

ಒಬ್ಬರೂ ಏಳಲಿಲ್ಲ. ಏಳುವವನಂತೆ ಕಂಡ ಒಬ್ಬ ಮಹಾರಾಯ ಕೋಟು ಸರಿಮಾಡಿಕೊಂಡು ಮೊದಲಿಗಿಂತ ಭದ್ರವಾಗಿ ಕೂತ. ಈ ಕತೆಯ ಶುರುವಿನಲ್ಲಿ ನಾನು ಒತ್ತಿದ ಮುದ್ರೆಯನ್ನು ಮನಸ್ಸಿನಲ್ಲೇ ಒರೆಸಿಕೊಂಡೆ.

ಆರ್ಗನ್ ನುಡಿಸುತ್ತಿದ್ದವನು ಕ್ಲೀಟಸ್. ಹಿಂದೆ ಅವಳ ತಂಡದ ಬಸ್ಸಿನಲ್ಲಿ ಊರೂರು ಅಲೆದವನು. ಅವನಿಗೆ ತಡೆಯಲಾಗಲಿಲ್ಲ. ಚರಣ ಮುಗಿದ ಕೂಡಲೇ ಅವನ ಬೆರಳುಗಳು 'ತಡವಾಯ್ತಲ್ಲೋ ರಾಜಾ'ದ ನಡೆಗೆ ಜಾರಿದವು.

"ಬೇಡ್ವೋ ಕ್ಲೀಟಸ್!" ಒಡೆಲಿಯಾ ಹಲ್ಲು ಕಚ್ಚಿಕೊಂಡೇ ಅಂದಳು.

"ಕೈ ನನ್ ಮಾತು ಕೇಳ್ತಿಲ್ಲ ಅಕ್ಕಾ!"

ಅವಳ ಸೊಂಟವೂ ಕೇಳಲಿಲ್ಲ. ಒಮ್ಮೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಆಮೇಲೆ ಯಾರ ಅಪ್ಪಣೆಗೂ ಕಾಯಲಿಲ್ಲ. ಮಾತು ದೇವರದೇ, ರಾಗ ಮಾತ್ರ ರಾಜನದು. ಸಾಲಿನ ಕೊನೆಯಲ್ಲಿ, ರೆಕಾರ್ಡಿನ ಹಿಂದುಗಡೆ ಹುಡುಗಿಯರು "ಹೌದಲ್ಲಾ, ಹೌದಲ್ಲಾ" ಎನ್ನುವ ಜಾಗ ಬಂತು. ಮುಂದಿನ ಸಾಲಿನಿಂದ ಯಾರೋ ಅದನ್ನು ಗಟ್ಟಿಯಾಗಿ ಎತ್ತಿಕೊಂಡರು. ಬಗ್ಗಿ ನೋಡಿದೆ. ಬಿಳಿ ಟೋಪಿ ತಾಳಕ್ಕೆ ತೂಗುತ್ತಿತ್ತು!

ಅಷ್ಟೇ. ಇಡೀ ಚರ್ಚು ಎದ್ದಿತು. ಚಾವಣಿ ಒಂದು ಗೇಣು ಮೇಲೆದ್ದು, ಕೂರುವಾಗ ಅಷ್ಟು ಸರಿಯಾಗಿ ಕೂರಲಿಲ್ಲ. ಈಗಲೂ ಗಾಳಿ ಬಂದರೆ ಅಲ್ಲಾಡುತ್ತದೆ. ಆವೇಶ ಬಂದು ಬೀಳುವವರನ್ನು ಹಿಡಿಯುವುದೂ ನಮ್ಮ ಕೈಗವಸಿನವರ ಕೆಲಸವೇ. ನಾನು ಬಾಗಿಲಿಂದ ಮುಂದಕ್ಕೆ ಓಡಿ ಕೈ ಚಾಚಿದೆ, ಮದರ್ ಬರ್ವೆಲ್ ಬಂದು ಬಿದ್ದರು, ಟೋಪಿ ಸಮೇತ. ಅವರ ಒಂದು ಶೂ ಆರ್ಗನ್ ಮೇಲಿತ್ತು.

ಪ್ರಾರ್ಥನೆ ಮುಗಿದು ಎಲ್ಲರೂ ಕೆಳಗಿನ ಊಟದ ಕೋಣೆಯಲ್ಲಿ ಹುರಿದ ಕೋಳಿ, ಬೇಯಿಸಿದ ಸೊಪ್ಪು, ಜೋಳದ ರೊಟ್ಟಿ ಹಾಕಿಸಿಕೊಂಡು ಕೂತೆವು. ಟೋಪಿ ನೆಟ್ಟಗೆ ಮಾಡಿಕೊಂಡು, ಶೂ ಹಾಕಿಕೊಂಡು, ಮದರ್ ಬರ್ವೆಲ್ ಒಡೆಲಿಯಾಳ ತಟ್ಟೆಯ ಮುಂದೆ ಬಂದು ನಿಂತರು. ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು.

"ಸಿಸ್ಟರ್ ಸ್ಟಿಗರ್ಸ್, ಜನ ಎದ್ದು ನಿಂತ್ರು, ನಾನಾಡಿದ ಮಾತಿಗೆ ತಪ್ಪಲ್ಲ. ಆದ್ರೆ ಅದು ದೇವರ ರಾಗ ಅಲ್ಲ, ಡಾನ್ಸ್ ಹಾಲ್‌ದು. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಒಡೆಲಿಯಾ ಕೋಳಿಯ ಕಾಲನ್ನು ತಟ್ಟೆಗಿಟ್ಟು ಬೆರಳು ಒರೆಸಿಕೊಂಡಳು.

"ನಿಮಗೆ ಗೊತ್ತಾಗದೆ ಇರತ್ತಾ ಮದರ್? ಆದ್ರೆ ಆ 'ಹೌದಲ್ಲಾ' ಇದ್ಯಲ್ಲ, ಅದನ್ನ ನೀವು ಅರ್ಧ ತಾಳ ಮುಂಚೆನೇ ಎತ್ಕೊಂಡ್ಬಿಡ್ತೀರಿ. ಗುರುವಾರ ಅಭ್ಯಾಸಕ್ಕೆ ಬನ್ನಿ, ತಿದ್ದಿಕೊಡ್ತೀನಿ."