ಹುಬ್ಬಿಗೆ ಹುಬ್ಬು

ನನ್ನ ಎಡಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಸಣ್ಣ ಗೆರೆ ಇದೆ. ಕಟಿಂಗ್ ಅಂಗಡಿಯವರು ಅದನ್ನು ನೋಡಿ ಬೈಕಿನಿಂದ ಬಿದ್ದಿರಾ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಅದು ಒಂದು ಕುರಿರೊಪ್ಪದ ಮುಂದೆ, ಹಿರಿಯರ ಸಮ್ಮುಖದಲ್ಲಿ, ನಾನೇ ಕೈಕಟ್ಟಿ ನಿಂತು ಮಾಡಿಸಿಕೊಂಡ ಗಾಯ ಎಂದು ವಿವರಿಸಲು ಒಂದು ಕಟಿಂಗಿನ ಸಮಯ ಸಾಲುವುದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಚಳ್ಳಕೆರೆ ತಾಲ್ಲೂಕಿನಲ್ಲಿ, ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿಗೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಹತ್ತನೇ ತರಗತಿ ಓದುತ್ತಿದ್ದೆ, ಅಂದರೆ ಕಬಡ್ಡಿ ಆಡುತ್ತಿದ್ದೆ. ಪ್ರಯೋಗಾಲಯದ ಬೀಗದ ಕೈ ಯಾವ ಕಾಲದಲ್ಲೋ ಕಳೆದುಹೋಗಿತ್ತು. ಮೈದಾನಕ್ಕೆ ಬಾಗಿಲೇ ಇರಲಿಲ್ಲವಾದ್ದರಿಂದ ನಮ್ಮ ವಿದ್ಯಾಭ್ಯಾಸ ಬಹುಪಾಲು ಅಲ್ಲಿಯೇ ನಡೆಯಿತು. ಮಣ್ಣಿಗಿಂತ ಬೆಣಚುಕಲ್ಲು ಹೆಚ್ಚಿದ್ದ ನೆಲ. ಜೂನ್ ತಿಂಗಳಲ್ಲಿ ಹೋದ ಮೊಣಕಾಲಿನ ಚರ್ಮ ಮಾರ್ಚ್ ಪರೀಕ್ಷೆಯ ಹೊತ್ತಿಗೆ ವಾಪಸು ಬರುತ್ತಿತ್ತು.

ತಂಡದ ಎಡಮೂಲೆ ಕಾಯುತ್ತಿದ್ದವನು ಕಾವಲಿನ ಪಕ್ಕದ ಹಟ್ಟಿಯ ಹುಡುಗ. ಅವರದು ಕುರಿ ಸಾಕುವ ಮನೆ. ಓಡುವ ಕುರಿಯನ್ನು ಹಿಡಿಯಲು ಬಲ್ಲವರು ಕೊರಳಿಗೆ ಕೈ ಹಾಕುವುದಿಲ್ಲ. ಹಿಂಗಾಲನ್ನು ಗಿಣ್ಣಿನ ಮೇಲೆ ಹಿಡಿದು, ತುಸು ಎತ್ತಿ, ಪಕ್ಕಕ್ಕೆ ಉರುಳಿಸುತ್ತಾರೆ. ಅವನು ಮನುಷ್ಯರಿಗೂ ಅದನ್ನೇ ಮಾಡುತ್ತಿದ್ದ. ಅವನ ಕೈಗೆ ಕಾಲು ಕೊಟ್ಟ ರೈಡರ್ ಗಲ್ಲ ಮುಂದಾಗಿ ಭೂಮಿಗೆ ಬರುತ್ತಿದ್ದ, ಹಲ್ಲುಗಳು ಹಿಂದಿನಿಂದ ಬರುತ್ತಿದ್ದವು.

ನಮ್ಮಿಬ್ಬರ ಪರಿಚಯ ಸುಮುಹೂರ್ತದಲ್ಲಿ ಆದದ್ದಲ್ಲ. ಒಂಬತ್ತನೇ ತರಗತಿಯಲ್ಲಿ ನಾನು, ಇವನು ಕೂತರೆ ಬೆಂಚೆಲ್ಲ ಕುರಿ ವಾಸನೆ ಎಂದು ನಾಲ್ಕು ಜನ ನಗುವಂತೆ ಹೇಳಿದೆ. ಅವನು ಬೆಂಚಿನ ಕೆಳಗೆ ಬಗ್ಗಿ ನನ್ನ ಕಾಲು ಹಿಡಿದು ಎಳೆದು, ಬಾಗಿಲ ತನಕ ಒಯ್ದು, ಹೊಸ್ತಿಲಿಗೆ ನನ್ನ ಮುಖ ಕುಟ್ಟಿದ. ನಾನು ಅವನ ತೊಡೆಯನ್ನು ರಕ್ತ ಬರುವ ಹಾಗೆ ಕಚ್ಚಿದೆ. ಪಿಟಿ ಮೇಷ್ಟ್ರು ಇಬ್ಬರ ವಾದವನ್ನೂ ಕಣ್ಣು ಮುಚ್ಚಿ ಆಲಿಸಿ, ಇಬ್ಬರಿಗೂ ಸಮನಾಗಿ ಬೆತ್ತದಲ್ಲಿ ಆರಾರು ಬಿಟ್ಟು, ನನ್ನ ಎಡ ಮಣಿಕಟ್ಟನ್ನೂ ಅವನ ಬಲ ಮಣಿಕಟ್ಟನ್ನೂ ತಮ್ಮ ಟವೆಲಿನಿಂದ ಬಿಗಿದರು. ಒಂದು ವಾರ ಆಟದ ಪೀರಿಯಡ್ಡಿನಲ್ಲೆಲ್ಲ ಅದೇ ಸ್ಥಿತಿ. ನೀರು ಕುಡಿಯಲು ಹೋದರೂ ಜೋಡಿಯಾಗಿಯೇ ಹೋಗಬೇಕು. ಉಚ್ಚೆಗೂ ಅಷ್ಟೆ. ಒಬ್ಬ ಬಿದ್ದರೆ ಇನ್ನೊಬ್ಬನ ಭುಜ ಕಿತ್ತು ಬರುವಂತಾಗುತ್ತಿತ್ತು. ಟವೆಲು ಬಿಚ್ಚಿದ ಮೇಲೂ ಮೂಲೆಯಲ್ಲಿ ಅವನು, ಅವನ ಕೈ ಹಿಡಿದು ಪಕ್ಕದಲ್ಲಿ ನಾನು ಎಂಬುದು ಕಾಯಂ ಆಯಿತು. ಅವನು ಕಾಲಿಗೆ ಬೀಳುವ ತನಕ ನಾನು ಕೈ ಬಿಡಬಾರದು, ಬಿದ್ದ ಕೂಡಲೇ ರೈಡರನ ಸೊಂಟ ಅಪ್ಪಬೇಕು. ನನ್ನ ಕೆಲಸ ಇಷ್ಟೇ.

ಹತ್ತನೇ ತರಗತಿಯಲ್ಲಿ ಸಂಕಟ ಬಂತು. ಪ್ರಾಕ್ಟೀಸಿನಲ್ಲಿ ಅವನ ಮಂಡಿ ಉಳುಕಿತು. ಭಾನುವಾರ ಕುಂಟುತ್ತಾ ಕುರಿ ಹಿಂದೆ ಹೋದಾಗ ತೋಳ ಬಂದು ಒಂದು ಟಗರು ಮರಿಯನ್ನು ಇವನ ಕಣ್ಣೆದುರೇ ಹೊಟ್ಟೆ ಸೀಳಿ ಹೊತ್ತುಕೊಂಡು ಹೋಯಿತು. ಇವನಿಗೆ ಓಡಲಾಗಲಿಲ್ಲ. ಅವರಪ್ಪ ಆ ಸಂಜೆ ಕಂಬಳಿ ಕಟ್ಟುವ ಹಗ್ಗದಿಂದ ಮಗನ ಬೆನ್ನಿನ ಮೇಲೆ ಬರೆದು, ಹಟ್ಟಿಯವರೆಲ್ಲ ಕೇಳುವಂತೆ ತೀರ್ಪು ಕೊಟ್ಟರು. ಅದನ್ನು ಅವನು ನಮಗೆ ಅಕ್ಷರ ತಪ್ಪದೆ ಒಪ್ಪಿಸಿದ: "ಇನ್ನೊಂದು ಸಲ ಆಟದಾಗೆ ಗಾಯ ಮಾಡ್ಕೊಂಡು ಬಂದ್ರೆ, ಆಟಾನೂ ಇಲ್ಲ, ಇಸ್ಕೂಲೂ ಇಲ್ಲ. ಕೋಲು ಹಿಡಿ, ಕುರಿ ಹಿಂದೆ ನಡಿ."

ಅವರು ಆಡಿದ ಮಾತು ತಪ್ಪುವವರಲ್ಲ. ಆದ್ದರಿಂದ ಲೋಕದ ಕಬಡ್ಡಿ ಇತಿಹಾಸದಲ್ಲೇ ಮೊದಲ ಬಾರಿಗೆ, ಆರು ಜನ ಸೇರಿ ಏಳನೆಯವನನ್ನು ಗೀರು ಬೀಳದಂತೆ ಕಾಪಾಡುವ ತಂಡವೊಂದು ರಚನೆಯಾಯಿತು. ಹೋಬಳಿ ಪಂದ್ಯಗಳಲ್ಲಿ ಅವನಿಗೆ ಬರಬೇಕಾದ ಮೊಣಕೈಗಳನ್ನೆಲ್ಲ ನಾವು ಹಂಚಿಕೊಂಡೆವು. ಕ್ಯಾಪ್ಟನ್‌ಗೆ ಮೂಗು ಒಡೆಯಿತು. ನನ್ನ ಒಂದು ದವಡೆ ಹಲ್ಲು ಅಲುಗಾಡಿ, ಎರಡು ದಿನ ಯೋಚಿಸಿ, ಮುದ್ದೆಯ ಜೊತೆ ಹೊರಟುಹೋಯಿತು. ಅವನು ಮಾತ್ರ ಮದುವಣಿಗನ ಹಾಗೆ ಮೈ ನುಣ್ಣಗಿಟ್ಟುಕೊಂಡು ಮನೆಗೆ ಹೋಗುತ್ತಿದ್ದ.

ತಾಲ್ಲೂಕು ಫೈನಲ್ ಚಳ್ಳಕೆರೆಯಲ್ಲಿ. ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ ಮೈದಾನದ ಮೇಲೆ ಕೂತಿತ್ತು. ಎದುರಾಳಿಗಳ ರೈಡರನಿಗೆ ಮೀಸೆ ಇತ್ತು. ಹತ್ತನೇ ತರಗತಿಯ ಮೇಲೆ ಅವನಿಗೆ ಬಹಳ ವರ್ಷಗಳ ಪ್ರೀತಿ ಇದ್ದಂತೆ ಕಾಣುತ್ತಿತ್ತು. ಮೊದಲರ್ಧದಲ್ಲೇ ಅವನು ನಮ್ಮ ಒಬ್ಬನ ಪಕ್ಕೆಗೆ ಮಂಡಿ ಕೊಟ್ಟು, ಇನ್ನೊಬ್ಬನ ಬೆರಳು ತುಳಿದು ಮುರಿದ. ಅಂಪೈರರು ಎರಡು ಸಲವೂ ಬೇರೆ ಕಡೆ ನೋಡುತ್ತಿದ್ದರು. ನಮ್ಮವರೂ ಸುಮ್ಮನಿರಲಿಲ್ಲ. ಅವರ ಮೂಲೆಯವನ ಕಿವಿಯಿಂದ ರಕ್ತ ಬರುತ್ತಿತ್ತು, ಅದು ಹೇಗೆ ಬಂತೆಂದು ನಮ್ಮ ಕ್ಯಾಪ್ಟನ್ ಇಂದಿಗೂ ಹೇಳಿಲ್ಲ.

ಕೊನೆಯ ರೈಡ್. ಅಂಕ ಸಮ. ಮೀಸೆಯವನು ನಮ್ಮ ಮೂಲೆಗೇ ಬಂದ. "ಪಟ್ಟುಕೋರಾ" ಎಂದು ಉಸಿರಿನ ನಡುವೆ ತೆಲುಗಿನಲ್ಲಿ ಕೆಣಕಿದ, ಹಿಡಿಯೋ ನೋಡೋಣ ಅಂತ. ಉಸಿರು ತುಂಡಾಯಿತಲ್ಲ ಎಂದು ನಾವು ಅಂಪೈರರ ಕಡೆ ನೋಡಿದೆವು. ಅವರು ಎಣ್ಣೆ ಮಿಲ್ಲಿನ ಚಿಮಣಿ ನೋಡುತ್ತಿದ್ದರು. ಅಷ್ಟರಲ್ಲಿ ಅವನ ಕಾಲು ನನ್ನ ಮುಖದ ಕಡೆ ಬೀಸಿ ಬಂತು.

ನಾನು ಕೈ ಬಿಟ್ಟೆ.

ಬಿಟ್ಟು ಎರಡು ಹೆಜ್ಜೆ ಹಿಂದಕ್ಕೂ ಹೋದೆ. ಅದೇ ಗಳಿಗೆಯಲ್ಲಿ ಹಟ್ಟಿಯ ಹುಡುಗ ಎಗರಿ ಕಾಲು ಹಿಡಿದಿದ್ದ. ಸೊಂಟ ಅಪ್ಪಬೇಕಾದ ನಾನು ಅಲ್ಲಿರಲಿಲ್ಲ. ಮೀಸೆಯವನು ಇವನನ್ನು ಅಂಗಾತ ಕಲ್ಲಿನ ಮೇಲೆ, ಅಂಕಣದ ಒಳಗಿನ ಸುಣ್ಣದ ಗೆರೆಯ ಮೇಲೆ ದರದರ ಎಳೆದ. ಇನ್ನೊಂದು ಕಾಲಿನ ಹಿಮ್ಮಡಿಯಿಂದ ಹಣೆಗೆ ಒದ್ದ, ಮತ್ತೆ ಒದ್ದ. ಮೂರನೆಯ ಒದೆತಕ್ಕೆ ಎಡಹುಬ್ಬು ಹಣ್ಣಿನಂತೆ ಬಿರಿಯಿತು. ಇವನು ಕಾಲು ಬಿಡಲಿಲ್ಲ. ಉಳಿದವರು ಬಂದು ಮೇಲೆ ಬಿದ್ದರು, ಮೀಸೆಯವನ ಉಸಿರು ಮುಗಿಯಿತು. ಒಂದು ಅಂಕದಿಂದ ಗೆದ್ದೆವು. ಮೊಳಕಾಲ್ಮುರಿನಲ್ಲಿ ನಡೆಯಲಿದ್ದ ಜಿಲ್ಲಾ ಪಂದ್ಯಕ್ಕೆ ನಾವು ಅರ್ಹರು. ಗೆಲ್ಲಿಸಿದವನು ಅಂಗಿಯ ಮುಂಭಾಗವೆಲ್ಲ ಕೆಂಪಾಗಿ ಕೂತಿದ್ದ.

ಪಿಟಿ ಮೇಷ್ಟ್ರು ಹೋಟೆಲಿನಿಂದ ಕಾಫಿಪುಡಿ ತಂದು ಗಾಯಕ್ಕೆ ಒತ್ತಿದರು. ವಾಪಸು ಬರುವ ಟೆಂಪೋದಲ್ಲಿ ಯಾರೂ ಹಾಡಲಿಲ್ಲ. ಹುಬ್ಬನ್ನು ಮರೆಮಾಡುವುದು ಸಾಧ್ಯವಿರಲಿಲ್ಲ. ಕೊನೆಗೆ, ಸೋದರಮಾವ ಕೋರ್ಟಿನಲ್ಲಿ ಬೆರಳಚ್ಚುಗಾರನಾಗಿದ್ದ ಕ್ಯಾಪ್ಟನ್ ತೀರ್ಪಿನ ಒಳಹೊಕ್ಕ.

"ಲೇ, ನಿಮ್ಮಪ್ಪ ಅಂದಿದ್ದು ಆಟದಾಗೆ ಗಾಯ ಅಂತ. ಜಗಳದಾಗೆ ಆದ್ರೆ?"

ಅವನು ಯೋಚಿಸಿದ. ಜಗಳದ ಬಗ್ಗೆ ಅಪ್ಪನಿಗೆ ಗೌರವ ಇದೆ ಎಂದ. ಗಂಡಸು ಆಟ ಆಡಿ ಹಣೆ ಒಡೆಸಿಕೊಂಡರೆ ಸೋಮಾರಿತನ, ಜಗಳ ಆಡಿ ಒಡೆಸಿಕೊಂಡರೆ ಬದುಕು. ಹಾಗಾದರೆ ಹೊಡೆದವನು ಒಬ್ಬ ಬೇಕು ಎಂದ ಕ್ಯಾಪ್ಟನ್. ಎಲ್ಲರೂ ಟೆಂಪೋದ ಹೊರಗೆ ನೋಡತೊಡಗಿದರು. ನಾನು ಕೈ ಬಿಟ್ಟದ್ದು ಗದ್ದಲದಲ್ಲಿ ಅವರಿಗೆ ಕಂಡಿರಲಿಲ್ಲ. ಕಂಡವನು ಒಬ್ಬನೇ.

"ಇವನೇ ಬರ್ಲಿ ಬಿಡು," ಎಂದ ಅವನು, ನನ್ನ ಕಡೆ ತಿರುಗದೆ.

ಹಟ್ಟಿ ಸೇರುವಾಗ ಕುರಿಗಳು ರೊಪ್ಪಕ್ಕೆ ನುಗ್ಗುತ್ತಿದ್ದವು. ಅವರಪ್ಪ ಬಾಗಿಲ ಬಳಿ ನಿಂತು ಬೆನ್ನು ಮುಟ್ಟಿ ಮುಟ್ಟಿ ಒಳಗೆ ಬಿಡುತ್ತಿದ್ದರು. ಎಲ್ಲ ಕುರಿ ಒಳಗಾಗುವ ತನಕ ನಾವು ನಿಂತೆವು. ಆಮೇಲೆ ಅವರು ಮಗನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ದೊಡ್ಡಪ್ಪಾ, ನಾನೇ ಹೊಡ್ದಿದ್ದು. ಬಸ್‌ಸ್ಟ್ಯಾಂಡ್‌ನಾಗೆ ಜಗಳ ಆತು," ಎಂದೆ.

ಬೆರಳಿನಿಂದ ಗಾಯ ಅಗಲಿಸಿ ನೋಡಿ, ಇದು ಬರಿಗೈ ಏಟಲ್ಲ ಎಂದರು. ಪಂದ್ಯಕ್ಕೆಂದು ಬಿಚ್ಚಿ ಜೇಬಿಗೆ ಹಾಕಿದ್ದ ಸ್ಟೀಲ್ ಕಡಗ ನೆನಪಾಗಿ, ಕಡಗ ಇತ್ತು ಎಂದು ತೆಗೆದು ತೋರಿಸಿದೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಅವರು ಕಡಗ ಇಸಿದುಕೊಂಡು ತೂಗಿ ನೋಡಿದರು. ಮಗನ ಬಲಗೈಗೆ ತೊಡಿಸಿದರು.

"ಇವತ್ತೇ ಮುಗೀಲಿ. ನಾಳೀಕೆ ಉಳೀಬಾರ್ದು. ಹೊಡಿ."

ಹಟ್ಟಿಯ ಕ್ರಮ ಅದು. ಹೊಡೆಸಿಕೊಂಡವನು ಹಿರಿಯರ ಮುಂದೆ ಅಷ್ಟೇ ತಿರುಗಿ ಹೊಡೆಯಬೇಕು, ಹೊಡೆದವನು ಕೈಕಟ್ಟಿ ನಿಲ್ಲಬೇಕು, ಆಮೇಲೆ ಇಬ್ಬರೂ ಒಂದೇ ಚೊಂಬಿನಲ್ಲಿ ಮಜ್ಜಿಗೆ ಕುಡಿಯಬೇಕು. ಶಾಂತಿ ಸ್ಥಾಪನೆಗೆ ಇದಕ್ಕಿಂತ ಒಳ್ಳೆಯ ಪದ್ಧತಿಯನ್ನು ದೊಡ್ಡ ದೊಡ್ಡ ದೇಶಗಳೂ ಕಂಡುಹಿಡಿದಿಲ್ಲ ಎಂದು ಈಗ ಹೇಳಬಲ್ಲೆ. ಆಗ ಕೈಕಟ್ಟಿ ನಿಂತೆ. ಅವನು ಹೊಡೆದ. ಕಡಗ ಹಣೆಗೆ ತಾಗಿ ಜಾರಿತು.

"ನನ್ನ ಟಗರು ಇದ್ಕಿಂತ ಚೆಂದ ಹಾಯ್ತದೆ," ಎಂದರು ಅಪ್ಪ. "ಅವ್ನು ಹಿಂಗೇ ಹೊಡ್ದಿದ್ನಾ?"

ಅವನು ನನ್ನನ್ನು ನೋಡಿದ. ಚಳ್ಳಕೆರೆಯಿಂದ ಅಲ್ಲಿಯವರೆಗೆ ಅವನು ನನ್ನ ಮುಖ ನೇರ ನೋಡಿದ್ದು ಅದೇ ಮೊದಲು. ಎರಡನೆಯದು ಬಂದಾಗ ಹುಬ್ಬಿನ ಮೂಳೆಯ ಸದ್ದು ತಲೆಯ ಒಳಗಿನಿಂದ ಕೇಳಿತು. ಮಂಡಿಯೂರಿ ಬಿದ್ದೆ. ಬಿಸಿ ರಕ್ತ ಕಣ್ಣಿಗಿಳಿದು ರೊಪ್ಪ, ಕುರಿ, ಮನುಷ್ಯರೆಲ್ಲ ಒಂದೇ ಬಣ್ಣವಾದರು. ಅಪ್ಪ ಕಡಗ ಬಿಚ್ಚಿ ನನ್ನ ಕೈಗೆ ಕೊಟ್ಟರು. ಮಜ್ಜಿಗೆ ತರಿಸಿದರು. ನಾವು ಕುಡಿಯುತ್ತಿರುವಾಗ ಮಗನ ಬೆನ್ನಿಗೆ ಅಂಟಿದ್ದ ಬಿಳಿ ಸುಣ್ಣವನ್ನು ಅಂಗೈಯಿಂದ ಕೊಡವಿದರು. ಬಸ್‌ಸ್ಟ್ಯಾಂಡಿನಲ್ಲಿ ಸುಣ್ಣದ ಗೆರೆ ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ರಸ್ತೆಯ ತನಕ ಬಿಡಲು ಬಂದವನು, "ಮೊದ್ಲನೇದು ಅಪ್ಪಂಗೆ," ಎಂದ. "ಎರಡ್ನೇದು ನಿಂಗೆ."

ಗೊತ್ತು ಎಂದೆ.

ಸೋಮವಾರ ಅವನು ಶಾಲೆಗೆ ಬಂದ. ಮೊಳಕಾಲ್ಮುರಿನಲ್ಲಿ ನಾವಿಬ್ಬರೂ ಎಡಹುಬ್ಬಿಗೆ ಒಂದೇ ಅಳತೆಯ ಪಟ್ಟಿ ಅಂಟಿಸಿಕೊಂಡು ಮೂಲೆಯಲ್ಲಿ ನಿಂತೆವು. ಬಂದ ರೈಡರ್ ನಮ್ಮಿಬ್ಬರನ್ನೂ ಒಟ್ಟಿಗೇ ಎಳೆದುಕೊಂಡು ಗೆರೆ ದಾಟಿದ. ನಾನು ಕೈ ಬಿಡದ ಕಾರಣ ಒಬ್ಬ ಔಟಾಗುವ ಕಡೆ ಇಬ್ಬರು ಔಟಾದೆವು. ಮೊದಲ ಸುತ್ತಿನಲ್ಲೇ ಸೋತೆವು. ನನಗೆ ಏನೂ ಆಗಲಿಲ್ಲ, ಅವನ ಮೊಣಕೈಯ ಚರ್ಮ ಅಂಗೈ ಅಗಲ ಕಿತ್ತುಹೋಯಿತು.

ಮರುದಿನ ಪ್ರಾರ್ಥನೆಯ ಸಾಲಿನಲ್ಲಿ ಅವನು ನನ್ನ ಹಿಂದೆ ಬಂದು ನಿಂತ. ಅಪ್ಪ ಮೊಣಕೈ ನೋಡಿದರಂತೆ, ಈ ಸಲ ಯಾರ ಜೊತೆ ಜಗಳ ಎಂದು ಕೇಳಿದರಂತೆ. ಇವನು ನನ್ನ ಹೆಸರು ಹೇಳಿದನಂತೆ.

"ಭಾನುವಾರ ಬರ್ಬೇಕಂತೆ ನೀನು," ಎಂದ. "ಕಡಗ ಬ್ಯಾಡಂತೆ. ಮೊಣಕೈಗೆ ಬೆಣಚುಕಲ್ಲು ಹಟ್ಟಿ ಮುಂದೇನೇ ಐತಂತೆ."

ಭಾನುವಾರ ಹೋದೆ.