ಖಾಲಿ ಸ್ಟ್ರಿಪ್‌ಗಳ ಲೆಕ್ಕ ಬಿಟ್ಟ ಡಾಕ್ಟರಮ್ಮ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ರಕ್ತಹೀನತೆಯ ವಿರುದ್ಧ ಮೂವತ್ತೊಂದು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಡಾ. ಮಂಗಳಗೌರಿಯವರ ಹೆಸರು ಕೇಳದ ಬಾಣಂತಿಯ ಮನೆ ಈ ಭಾಗದಲ್ಲಿ ಇರಲಿಕ್ಕಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ ಮುರುಗೇಂದ್ರಪ್ಪನವರ ಮಗಳಾಗಿ ಹುಟ್ಟಿ, ಚಳ್ಳಕೆರೆಯ ಜಂಬುಲಿಂಗಪ್ಪ ಧರ್ಮಾರ್ಥ ಆಸ್ಪತ್ರೆಯಲ್ಲಿ ಸೇವೆಗೆ ನಿಂತ ಅವರು, ಆಂಧ್ರ ಗಡಿಯವರನ್ನು ತೆಲುಗಿನಲ್ಲಿ, ಹಟ್ಟಿಯವರನ್ನು ಹಟ್ಟಿಯ ಮಾತಿನಲ್ಲಿ ಗದರುತ್ತಲೇ ಸಾವಿರಾರು ಹೆಣ್ಣುಮಕ್ಕಳಿಗೆ ಕಬ್ಬಿಣಾಂಶದ ಮಾತ್ರೆ ನುಂಗಿಸಿದವರು. ಊಟದ ಹಿಂದೆ ಮುಂದೆ ಒಂದು ತಾಸು ಚಹಾ ಕೂಡದು. ಮುಗಿದ ಮಾತ್ರೆಯ ಖಾಲಿ ಸ್ಟ್ರಿಪ್ ತಂದು ತೋರಿಸಬೇಕು. ಅವರ ಈ ಎರಡು ಅಪ್ಪಣೆಗಳು ಜಟಿಂಗ ರಾಮೇಶ್ವರದ ಬಂಡೆಯ ಮೇಲಿನ ಅಶೋಕನ ಶಾಸನದಷ್ಟೇ ಗಟ್ಟಿಯಾಗಿದ್ದವು.

ಈ ಅಭಿನಂದನಾ ಸಂಪುಟದ ಮಾತು ಬಂದಾಗ ಮೇಡಂ ಒಂದೇ ಷರತ್ತು ಹಾಕಿದರು. ದೊಡ್ಡಉಳ್ಳಾರ್ತಿಯ ಪಾತಮ್ಮನ ವಿಷಯದಲ್ಲಿ ತಾವು ಮಾಡಿದ ತಪ್ಪು ಇದರಲ್ಲಿ ಬರಲೇಬೇಕು. ಸಂಪುಟ ಸಮಿತಿಯ ಮುರುಗೇಶ್ ತಲೆ ಕೆರೆದುಕೊಂಡು, "ಸನ್ಮಾನದ ಪುಸ್ತಕದಾಗೆ ತಪ್ಪು ಯಾಕ್ರೀ ಮೇಡಂ?" ಎಂದರು.

"ಅದು ಬರದಿದ್ರೆ ನನ್ ಹೆಸ್ರೂ ಬರಾದು ಬ್ಯಾಡ."

ಆಸ್ಪತ್ರೆಯಲ್ಲಿ ಅವರ ಜೊತೆ ದುಡಿದು ಅವರ ಹಟ ಬಲ್ಲ ನಾವು ಒಪ್ಪಿ ಬರೆಯಲು ಕೂತೆವು.

ಹನ್ನೆರಡು ವರ್ಷದ ಹಿಂದಿನ ಸಂಗತಿ. ಕುರಿ ಕಾಯುವ ಮನೆಯ ಪಾತಮ್ಮನಿಗೆ ಆಗ ಇಪ್ಪತ್ತೆಂಟು. ಚಿಕ್ಕಂದಿನಿಂದಲೂ ಬಿಳಿಚಿಕೊಂಡ ಮುಖ. ಎರಡು ವರ್ಷ ಮಾತ್ರೆ ಕೊಟ್ಟರೂ ರಕ್ತ ಏರಲಿಲ್ಲ. ಮೇಡಂಗೆ ಸಿಟ್ಟು ನೆತ್ತಿಗೇರಿ, "ನುಂಗ್ತೀಯೋ, ಕುರಿಗೆ ಹಾಕ್ತೀಯೋ?" ಎಂದು ಸಾಲಿನಲ್ಲಿದ್ದವರೆಲ್ಲರ ಎದುರು ಕೇಳಿಬಿಟ್ಟರು. ಪಾತಮ್ಮ ತಲೆ ತಗ್ಗಿಸಿ ಹೋದಳು. ಮುಂದಿನ ತಿಂಗಳು ಬಂದವಳು, ಎರಡು ವರ್ಷದ ಖಾಲಿ ಸ್ಟ್ರಿಪ್‌ಗಳನ್ನು ಉಣ್ಣೆಯ ದಾರಕ್ಕೆ ಪೋಣಿಸಿ ತಂದು ಮೇಜಿನ ಮೇಲಿಟ್ಟಳು.

"ಒಂದೂ ಬಿಟ್ಟಿಲ್ರೀ ಡಾಕ್ಟ್ರವ್ವ."

"ಸ್ಟ್ರಿಪ್ ಖಾಲಿ ಮಾಡಾಕೆ ನುಂಗ್ಲೇಬೇಕು ಅಂತೇನಿಲ್ಲ" ಎಂದರು ಮೇಡಂ. ಆ ಮಾತು ನೆನಪಾದರೆ ಅವರಿಗೆ ಇಂದಿಗೂ ನಾಚಿಕೆ.

"ನಾನೇ ನೀರು ಕೊಡ್ತೀನ್ರೀ, ನನ್ ಕಣ್ಣೆದುರೇ ನುಂಗ್ತಾಳೆ" ಎಂದ ಜೊತೆಗೆ ಬಂದಿದ್ದ ಗಂಡ ಪಾಲಣ್ಣ. ಅವನ ದನಿಯಲ್ಲಿ ಜಗಳವಿರಲಿಲ್ಲ. ಅದೇ ಮೇಡಂಗೆ ಚುಚ್ಚಿತು. ಪಾತಮ್ಮನನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು. ಎಡಪಕ್ಕೆಯಡಿ ಗುಲ್ಮ ಊದಿತ್ತು. ಪ್ರಯೋಗಾಲಯದ ಓಬಳೇಶ್ ರಕ್ತ ತೆಗೆದು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದ. ಹತ್ತು ದಿನಕ್ಕೆ ವರದಿ ಬಂತು: ರಕ್ತ ಕಡಿಮೆ ಇದ್ದವಳ ಮೈಯಲ್ಲಿ ಕಬ್ಬಿಣದ ದಾಸ್ತಾನು ಇರಬೇಕಾದ್ದಕ್ಕಿಂತ ಹತ್ತು ಪಟ್ಟು. ತಂದೆ ತಾಯಿ ಇಬ್ಬರಿಂದಲೂ ಇಳಿದು ಬಂದ, ಥಲಸ್ಸೇಮಿಯಾ ಬಗೆಯ ಕಾಯಿಲೆ.

ನಮ್ಮ ಕರುಳು ಕಬ್ಬಿಣವನ್ನು ಬೇಕಾಬಿಟ್ಟಿ ಹೀರುವುದಿಲ್ಲ. ದಾಸ್ತಾನು ತುಂಬಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಕಳಿಸಿ ಕರುಳಿನ ಬಾಗಿಲು ಹಾಕಿಸುತ್ತದೆ. ಈ ಕಾಯಿಲೆಯಲ್ಲಿ ಮೂಳೆಮಜ್ಜೆಗೆ ಸರಿಯಾದ ರಕ್ತಕಣ ಮಾಡಲಾಗದೆ, ಅದು ಇನ್ನೂ ಬೇಕು ಎಂದು ಹಪಹಪಿಸುತ್ತಲೇ ಇರುವುದರಿಂದ ಹೆಪ್ಸಿಡಿನ್ ತಗ್ಗಿಹೋಗುತ್ತದೆ. ಬಾಗಿಲು ತೆರೆದೇ ಉಳಿದು, ಒಳಬಂದ ಕಬ್ಬಿಣ ಯಕೃತ್ತಿನಲ್ಲಿ, ಹೃದಯದಲ್ಲಿ ಕೂತು ಅವನ್ನು ಕೆಡಿಸುತ್ತದೆ. ಅಂಥ ಬಾಗಿಲಿಗೆ ಮೇಡಂ ಎರಡು ವರ್ಷ ಮಾತ್ರೆ ಸುರಿದಿದ್ದರು.

ಬೈದದ್ದು ಸಾಲಿನ ಎದುರು. ಹೇಳುವುದೂ ಸಾಲಿನ ಎದುರೇ ಎಂದು ಅವರು ಹೊರಗೆ ಬಂದರು. "ಪಾತಮ್ಮ ಒಂದು ಗುಳಿಗಿನೂ ಬಿಟ್ಟಿಲ್ಲ. ಬಿಟ್ಟಿದ್ರೆ ಒಳ್ಳೇದಿತ್ತು. ತಪ್ಪು ನಂದು." ಆಮೇಲೆ ಅವಳ ಪಕ್ಕ ಬೆಂಚಿನ ಮೇಲೆ ಕೂತು, "ರೊಪ್ಪ ತುಂಬಿದ್ರೂ ಬಾಗ್ಲು ಹಾಕ್ದೆ, ಬಂದ ಕುರಿನೆಲ್ಲ ಒಳಗೆ ಬಿಟ್ಕೊಂಡಂಗೆ ಮಾಡ್ತೈತೆ ನಿನ್ ಕರುಳು. ಕಬ್ಬಿಣ ಹೊರಗೆ ಹಾಕೋ ಬ್ಯಾರೆ ಗುಳಿಗಿ ಕೊಡ್ತೀನಿ. ಉಣ್ಣುವಾಗ ಜೊತೆಗೆ ಚಾ ಕುಡಿ, ಅದು ಕಬ್ಬಿಣನ ತಡೀತೈತೆ" ಎಂದರು.

"ಊರಿಗೆಲ್ಲ ಬ್ಯಾಡ ಅಂದ ಚಾ ನನಗೆ ಔಷಧಿ ಏನ್ರೀ?" ಎಂದು ನಕ್ಕ ಪಾತಮ್ಮ ಮರುಗಳಿಗೆಯೇ ಮೇಡಂ ಕೈ ಹಿಡಿದಳು. "ನಂದು ಇರ್ಲಿ. ನನ್ ಮಗಳು ಶಿಲ್ಪನೂ ನನ್ನಂಗೇ ಬಿಳಿಚ್ಕಂಡವಳೆ. ಹೋದ ತಿಂಗಳು ನೀವೇ ಅವಳಿಗೂ ಅದೇ ಗುಳಿಗಿ ಬರ್ಕೊಟ್ರಿ."

ಮೇಡಂ ಬೆಂಚಿನಿಂದ ಎದ್ದರು. ಓಬಳೇಶನನ್ನು ಕರೆದುಕೊಂಡು ಅದೇ ಮಧ್ಯಾಹ್ನ ದೊಡ್ಡಉಳ್ಳಾರ್ತಿಯ ಬಸ್ಸು ಹತ್ತಿದರು. ಎಂಟು ವರ್ಷದ ಶಿಲ್ಪಳ ಮಾತ್ರೆಗಳನ್ನು ತಾವೇ ಕೈಯಾರೆ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡರು. ಅವಳ ರಕ್ತದಲ್ಲೂ ಅದೇ ಕಾಯಿಲೆ ಸಿಕ್ಕಿತು; ಪಾಲಣ್ಣನೂ ತನಗೆ ತಿಳಿಯದೆ ಅದರ ಅಂಶ ಹೊತ್ತಿದ್ದ. ಆದರೆ ಕಬ್ಬಿಣ ಇನ್ನೂ ಶೇಖರವಾಗಿರಲಿಲ್ಲ. ಆ ವರದಿ ಓದಿ ಮೇಡಂ ಪ್ರಯೋಗಾಲಯದ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟರು.

ಅಂದಿನಿಂದ ನಮ್ಮಲ್ಲಿ ಖಾಲಿ ಸ್ಟ್ರಿಪ್ ಕೇಳುವ ಪದ್ಧತಿ ನಿಂತಿತು. ಮಾತ್ರೆಗೆ ರಕ್ತ ಏರದಿದ್ದರೆ ರೋಗಿಯನ್ನು ಬೈಯದೆ ರಕ್ತ ಪರೀಕ್ಷಿಸುವ ಪದ್ಧತಿ ಬಂತು. ಹಾಗೆ ಹುಡುಕಿ ಈ ಕಾಯಿಲೆಯಿರುವ ಹತ್ತೊಂಬತ್ತು ಮನೆಗಳನ್ನು ಅವರು ಗುರುತಿಸಿದ್ದಾರೆ. ಪಾತಮ್ಮನ ದಾಸ್ತಾನು ಇಳಿಯಲು ನಾಲ್ಕು ವರ್ಷ ಹಿಡಿಯಿತು.

ಮೊನ್ನೆ ಬೀಳ್ಕೊಡುಗೆಯ ಊಟಕ್ಕೆ ಮೇಡಂ ಪಾತಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಈಗ ಓಬಳೇಶನ ಜೊತೆ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಶಿಲ್ಪ ಅವ್ವನ ಮುದ್ದೆಯ ಪಕ್ಕ ಚಹಾ ಇಟ್ಟಳು. ಮೇಡಂ ಕೂಡ ಕೈ ಚಾಚಿದರು.

"ನಿಮಗಿಲ್ಲ ಮೇಡಂ. ಬೆಳಿಗ್ಗೆ ನಿಮ್ ರಕ್ತ ನೋಡೀನಿ, ಕಮ್ಮಿ ಐತೆ. ಉಂಡು ಒಂದು ತಾಸು ಆಗ್ಲಿ."

"ಹಂಗಾರೆ ಗುಳಿಗಿ ಶುರು ಮಾಡ್ತೀನಿ ಬಿಡು."

"ಈಗ್ಲೇ ಬ್ಯಾಡ್ರೀ. ಮೊದ್ಲು ಒಳಗೆ ಕಬ್ಬಿಣ ಎಷ್ಟೈತೆ ನೋಡ್ತೀನಿ. ಗುಳಿಗಿ ಆಮ್ಯಾಲೆ."

ಮಂಗಳಗೌರಿ ಮೇಡಂ ನೂರು ವರ್ಷ ಬಾಳಲಿ. ಹಟ್ಟಿಗಳ ರಕ್ತಪರೀಕ್ಷೆಯ ಶಿಬಿರಗಳಿಗೆ ನಿವೃತ್ತಿಯ ನಂತರವೂ ನಮ್ಮನ್ನು ಗದರಿಸಿ ಎಬ್ಬಿಸಿಕೊಂಡು ಹೋಗುತ್ತಿರಲಿ. ಅಂದಿನ ಚಹಾವನ್ನು ಅವರು ಒಂದು ತಾಸು ಕಾದೇ ಕುಡಿದರು.