ಕೋರಾದಲ್ಲಿ ಕೇಳಿದ ಸಾವಂತ್ರವ್ವನ ಹೆಸರು

"ಅಜ್ಜಿ, ನಿಮ್ಮ ಅಮ್ಮನ ಅಮ್ಮ ಯಾರು ಅಂತ ಕೇಳ್ತಿದಾರೆ" ಎಂದಳು ನನ್ನ ಮಗಳ ಮಗಳು ಶ್ರೇಯಾ.

ಕೇಳಿದವನು ಗ್ರಿಯೋ, ಅಂದರೆ ಪಶ್ಚಿಮ ಆಫ್ರಿಕಾದಲ್ಲಿ ಮನೆತನಗಳ ಕಥೆ ಹಾಡುವವನು. ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ನಮ್ಮ ಪಕ್ಕದ ಮನೆಯವರು ಮಾಲಿ ದೇಶದವರು. ಅಂದು ಅವರ ಕೂಸಿಗೆ ಹೆಸರಿಡುವ ಕಾರ್ಯ. ಸೋರೆಬುರುಡೆಗೆ ತಂತಿ ಕಟ್ಟಿದ ಕೋರಾ ನುಡಿಸುತ್ತ ಅವನು ಕೂಸಿನ ಹಿರಿಯರನ್ನೆಲ್ಲ ಹೆಸರು ಹಿಡಿದು ಹಾಡಿದ. ಆಮೇಲೆ ಬಂದವರ ಹಿರಿಯರನ್ನೂ ಹಾಡುತ್ತೇನೆಂದ.

ಧಾರವಾಡದ ಕಡೆ ಹೆಳವರು ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವುದು ಹೀಗೆಯೇ. ಅವರಿಂದ ಕೇಳಿ ಕಲಿತ ಗಂಡನ ಮನೆಯ ಗಂಡಸರ ಹೆಸರುಗಳನ್ನು ಪಟಪಟ ಒಪ್ಪಿಸಿದೆ. ಇವನಿಗೆ ಹೆಂಗಸರ ಹೆಸರೂ ಬೇಕಿತ್ತು. ನಮ್ಮವ್ವ ಗಂಗವ್ವ. ಅವಳ ಅವ್ವನನ್ನು ನಾವೆಲ್ಲ ಆಯಿ ಎಂದೇ ಕರೆಯುತ್ತಿದ್ದೆವು. ಹೆಸರು ಗೊತ್ತಿರಲಿಲ್ಲ.

ಶ್ರೇಯಾ ಊರಿನಲ್ಲಿರುವ ನನ್ನ ಚಿಗವ್ವನಿಗೆ, ಅಂದರೆ ಅವ್ವನ ತಂಗಿಗೆ, ವಿಡಿಯೋ ಕಾಲ್ ಮಾಡಿದಳು. ಮುದುಕಿ ಮೊದಲು ಬೈದಳು. "ಮೊಮ್ಮಕ್ಕಳನ್ನ ಕಂಡ್ರೂ ಬುದ್ಧಿ ಬರಲಿಲ್ಲೇನ ನಿನಗ? ಸಾವಂತ್ರವ್ವ ಅಂತ ನಮ್ಮವ್ವನ ಹೆಸರು. ಇಷ್ಟ್ ವರ್ಷದಾಗ ಒಬ್ಬರೂ ಕೇಳಿದ್ದಿಲ್ಲ ನೋಡು."

ಗ್ರಿಯೋ ಸಾವಂತ್ರವ್ವನನ್ನು ದನಿ ಎತ್ತಿ ಹಾಡಿದ. ಫೋನಿನೊಳಗೆ ಚಿಗವ್ವ ಕಿವಿಯನ್ನು ಪರದೆಗೆ ಹಚ್ಚಿ ಕೇಳಿದಳು.

ಶ್ರೇಯಾ ಈಗ ಊಟಕ್ಕೆ ಕೂತಾಗ ತನ್ನಿಂದ ಸಾವಂತ್ರವ್ವನವರೆಗೆ ಎಲ್ಲ ಹೆಸರು ಹೇಳುತ್ತಾಳೆ. ಉಚ್ಚಾರ ಸುಮಾರು, ಆದರೆ ಒಂದನ್ನೂ ಬಿಡುವುದಿಲ್ಲ. ಸಾವಂತ್ರವ್ವನ ಅವ್ವ ಯಾರು ಎಂದು ಚಿಗವ್ವನನ್ನು ಕೇಳಿದ್ದಾಳೆ. ಚಿಗವ್ವ ನೆನಪು ಮಾಡಿಕೊಳ್ಳುತ್ತಿದ್ದಾಳೆ.